ಬಾಗಿಲ ಸಂದಿಯಲ್ಲೊಂದು ಕಾಗದದ ಪಟ್ಟಿ

ಬೆಳಗಿನ ಐದೂವರೆ. ನಾನು ಉಳಿದುಕೊಂಡಿರುವ ಹೋಟೆಲಿನ ಮೂರನೇ ಮಹಡಿಯಲ್ಲಿ ಬಡಗಿಯೊಬ್ಬರು ಮುಚ್ಚಿದ ಬಾಗಿಲ ಸಂದಿಗೆ ಹಳೇ ಕ್ಯಾಲೆಂಡರಿನ ಪಟ್ಟಿ ತೂರಿಸಿ ಕೆಳಕ್ಕೆಳೆಯುತ್ತಿದ್ದಾರೆ. ಪಟ್ಟಿ ಇಳಿದಂತೆ ಅವರೂ ಮಂಡಿಯೂರುತ್ತಾರೆ. ಸಲೀಸಾಗಿ ನೆಲ ಮುಟ್ಟಿದರೆ ಬಾಗಿಲು ಕ್ಷೇಮ. ಒಂಬತ್ತನೇ ಕೋಣೆಯಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ.

"ಮರ ಉಬ್ಬಿದೆ ಸಾರ್, ನಿನ್ನೆ ಮಳೆ ಅಲ್ವಾ. ಒಳಗೆ ತುಂಬಿದ ಬಸುರಿ ಇದ್ದಾರೆ," ಎಂದು ಪಿಸುಗುಟ್ಟುತ್ತಾರೆ. ಮುಖ ಇಷ್ಟೇ ಇಷ್ಟಾಗಿದೆ.

ನೂರೈವತ್ತು ವರ್ಷದ ಹಿಂದೆ ಇದು ವ್ಯಾಪಾರಿಯೊಬ್ಬರ ಮನೆ. ಈಗ ಇಪ್ಪತ್ತಾರು ಕೋಣೆ, ಇಪ್ಪತ್ತಾರೂ ಹಳೇ ಬಾಗಿಲು. ನಮ್ಮಂಥವರು ಅಮೃತಶಿಲೆಯ ಮೆಟ್ಟಿಲು, ತೂಗುದೀಪ ನೋಡಿ ಬಾಯಿ ಬಿಡುತ್ತೇವೆ. ಬಾಗಿಲನ್ನು ಯಾರು ನೋಡ್ತಾರೆ ಹೇಳಿ! ಹತ್ತೊಂಬತ್ತು ವರ್ಷದಿಂದ ನೋಡುತ್ತಿರುವವರು ಇವರೊಬ್ಬರೇ.

ಆರು ವರ್ಷದ ಹಿಂದೆ ಇದೇ ಒಂಬತ್ತನೇ ಕೋಣೆಯಲ್ಲಿ ಅಜ್ಜಿಯೊಬ್ಬರು ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದರು. "ತಪ್ಪು ನಂದೇ. ಬೇಸಿಗೇಲಿ ಸಂದಿ ಕಾಣುತ್ತೆ ಅಂತ ಅಂಚಿಗೆ ಮರದ ಪಟ್ಟಿ ಬಡಿದೆ. ಮಳೆಗಾಲ ನೆನಪಾಗ್ಲೇ ಇಲ್ಲ. 'ತೆಗೀರಪ್ಪಾ, ಉಸಿರು ಕಟ್ತಿದೆ' ಅಂತ ಅಳ್ತಿದ್ರು. ಆ ದನಿ ಇನ್ನೂ ಕಿವೀಲಿದೆ ಸಾರ್."

ಇನ್ನೊಂದು ದೂರು ಬಂದರೆ ಹಳೇ ಬಾಗಿಲೆಲ್ಲ ಕಿತ್ತು ಕಾರ್ಡಿನಿಂದ ತೆಗೆಯುವ ಹೊಸ ಬಾಗಿಲು ಹಾಕಿಸುವುದಾಗಿ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದಾರೆ. ಆಗ ಬಡಗಿ ಯಾಕೆ ಬೇಕು? ಆದರೆ ಏಳು ಗಂಟೆಗೆ ಮೊದಲು ಅತಿಥಿಗಳನ್ನು ಎಬ್ಬಿಸುವಂತೆಯೂ ಇಲ್ಲ.

ಹೀಗಾಗಿ ಬಾಗಿಲ ಮುಂದೆ ಕಾಯುತ್ತಾರೆ. ಜೊತೆಗೆ ನಾನೂ. "ಅಕಸ್ಮಾತ್ ಈಗ್ಲೇ ನೋವು ಶುರುವಾದ್ರೆ?" ಎಂದು ಕೇಳುತ್ತಾರೆ. ಮಾತು ಬದಲಿಸಲು ಅವರ ಮನೆಯ ಸುದ್ದಿ ಎತ್ತುತ್ತೇನೆ. "ನಮ್ಮ ಬಚ್ಚಲ ಬಾಗಿಲಿಗೆ ಚಿಲಕಾನೇ ಕೂರಲ್ಲ. ಹೆಂಡ್ತಿ ದಿನಾ ಮಂಗಳಾರತಿ ಎತ್ತುತ್ತಾಳೆ," ಎಂದು ನಗುತ್ತಾರೆ. ಕಣ್ಣು ಮಾತ್ರ ಹಿಡಿಕೆಯ ಮೇಲೇ ಇದೆ.

ಆರೂ ಇಪ್ಪತ್ತು. ಹಿಡಿಕೆ ತಿರುಗುತ್ತದೆ. ಬಾಗಿಲು ಕದಲುವುದಿಲ್ಲ. ಒಳಗಿನಿಂದ ಇನ್ನೊಮ್ಮೆ ಎಳೆತ. ಇವರು ದಡಕ್ಕನೆ ಎದ್ದು ಅಂಗೈಯನ್ನು ಉಬ್ಬಿದ ಜಾಗಕ್ಕೊತ್ತಿ, ಹಿಡಿಕೆ ಮತ್ತೆ ತಿರುಗುವುದನ್ನೇ ಕಾದು, ಅದೇ ಗಳಿಗೆಗೆ ಹದವಾಗಿ ತಳ್ಳುತ್ತಾರೆ. ಬಾಗಿಲು ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಇವರು ಎರಡು ಹೆಜ್ಜೆ ಹಿಂದೆ ಸರಿದಾಗಿದೆ.

ಆಕೆ ಆಕಳಿಸುತ್ತಾ ಹೊರಬಂದು, "ಟೀ ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಾರೆ.

"ಕೆಳಗಡೆ ಅಮ್ಮಾ. ನಿಧಾನ, ಕಂಬಿ ಹಿಡ್ಕೊಂಡು ಇಳೀರಿ."

ಆಕೆ ಮೆಟ್ಟಿಲ ತಿರುವು ದಾಟುವವರೆಗೂ ಬಡಗಿ ನಿಂತಿದ್ದು, ಆಮೇಲೆ ಉಬ್ಬಿದ ಅಂಚು ಹೆರೆಯಲು ಉಜ್ಜುಗೊರಡು ತೆಗೆಯುತ್ತಾರೆ. ಮುಖದ ತುಂಬ ನಗು.

"ನೋಡಿದ್ರಾ ಸಾರ್? ಬಾಗಿಲ ಕಡೆ ತಿರುಗಿಯೂ ನೋಡ್ಲಿಲ್ಲ!"