ಮಶೇರಿ ಹೊತ್ತು

ಸೇಡಂನ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಶಹಾಬಾದ ಕಲ್ಲಿನ ಎರಡು ಮೆಟ್ಟಿಲುಗಳಿವೆ. ಮೇಲಿನದು ಅತ್ತೆಯದು, ಕೆಳಗಿನದು ನನ್ನದು. ಬೆಳಗಿನ ಚಹಾಕ್ಕೆ ಮುಂಚೆ ಇಬ್ಬರೂ ಅಲ್ಲಿ ಕುಳಿತು ಮಶೇರಿ ತಿಕ್ಕುತ್ತಿದ್ದೆವು. ಮಶೇರಿ ಎಂದರೆ ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ತಂಬಾಕು. ಗೊತ್ತಿಲ್ಲದವರು ನೋಡಿದರೆ ಹಲ್ಲುಪುಡಿ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಹೇಳಿಕೊಳ್ಳುತ್ತಿದ್ದೆವು. ಹಲ್ಲು ತಿಕ್ಕಲು ಯಾರಿಗಾದರೂ ಅರ್ಧ ಗಂಟೆ ಬೇಕಾಗುತ್ತದೆಯೇ ಎಂದು ಮಾತ್ರ ಇಬ್ಬರೂ ಕೇಳಿಕೊಳ್ಳಲಿಲ್ಲ.

ಐನಾಪುರದಿಂದ ಮದುವೆಯಾಗಿ ಬಂದ ಹೊಸದರಲ್ಲೇ ನನಗೆ ದವಡೆ ಹಲ್ಲು ನೋವು ಶುರುವಾಗಿತ್ತು. ಅತ್ತೆ ತಮ್ಮ ತಗಡಿನ ಡಬ್ಬಿ ತೆರೆದು, "ಜರಾ ತಿಕ್ಕಿ ನೋಡವ್ವ, ನೋವು ನಿಲ್ತದ" ಎಂದು ಒಂದು ಚಿಟಿಕೆ ಕೊಟ್ಟರು. ಮೊದಲ ದಿನ ತಲೆ ತಿರುಗಿ ಗೋಡೆ ಹಿಡಿದು ಕುಳಿತೆ. ನೋವು ಮಾತ್ರ ನಿಜವಾಗಿಯೂ ನಿಂತಿತು. ಅತ್ತೆಯ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಅವರಿಗೆ ಅವರ ಅತ್ತೆ ಕೊಟ್ಟಿದ್ದನ್ನೇ ಅವರು ನನಗೆ ಕೊಟ್ಟರು. ಆ ಹಲ್ಲನ್ನು ಮುಂದೆ ಕೀಳಿಸಿದ್ದಾಯಿತು, ಡಬ್ಬಿ ಉಳಿದುಕೊಂಡಿತು.

ನಾನು ಚಿತ್ತಾಪುರದ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಮಾತ್ರ ಇದ್ದ ಮಶೇರಿ ಸಂಜೆಗೂ ಬಂತು, ಆಮೇಲೆ ಮಧ್ಯಾಹ್ನಕ್ಕೂ. ಬಿಸಿಯೂಟದ ಅಕ್ಕಿ ಚೀಲ ಇಡುವ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಬೆರಳಿನಿಂದ ಒಸಡಿಗೆ ಹಚ್ಚಿಕೊಂಡು ಬರುತ್ತಿದ್ದೆ. ಆ ಕೋಣೆಯ ಹೊರಗೋಡೆಯ ಮೇಲೆ 'ತಂಬಾಕು ಮುಕ್ತ ಶಾಲೆ' ಎಂಬ ಬರಹವಿದೆ. ಅಕ್ಷರ ಚೆಂದ ಎಂದು ಅದನ್ನು ಬರೆಸಿದ್ದೂ ನನ್ನಿಂದಲೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ವಾಸನೆ ಬರಬಾರದೆಂದು ಲವಂಗ ಜಗಿಯುತ್ತಿದ್ದೆ. ಮಕ್ಕಳು ಹಿಂದಿನಿಂದ ನನ್ನನ್ನು ಲವಂಗದ ಟೀಚರ್ ಎನ್ನುತ್ತಿದ್ದರಂತೆ.

ಬಾಯಲ್ಲಿ ಮಶೇರಿ ಇದ್ದವಳು ಮಾತಾಡಲಾರಳು. ಬಾಯಿ ತೆರೆದರೆ ಕರಿ ಜೊಲ್ಲು ಸೀರೆಯ ಮೇಲೆ ಬೀಳುತ್ತದೆ. ಹಾಗಾಗಿ ನಮ್ಮ ಕಡೆಯ ಮನೆಗಳಲ್ಲಿ ಮಶೇರಿ ಹೊತ್ತಿನಲ್ಲಿ ಹೆಂಗಸರನ್ನು ಯಾರೂ ಕರೆಯುವುದಿಲ್ಲ. ನಮ್ಮ ಮನೆಯವರು ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಒಂದು ಕಾರಖಾನೆಯ ಮೇಲ್ವಿಚಾರಕರು. ಬೆಳಿಗ್ಗೆ ವಾಡಿ ಕಡೆಯ ರೈಲು ಹಿಡಿಯಬೇಕು. ಒಳ್ಳೆಯ ಮನುಷ್ಯ. ಆದರೆ ಟವಲು, ಚಸ್ಮಾ, ಚಾರ್ಜರು ಯಾವುದೂ ಅವರ ಕಣ್ಣಿಗೆ ತಾನಾಗಿ ಬೀಳುವುದಿಲ್ಲ. ಮಶೇರಿ ಹೊತ್ತಿನಲ್ಲಿ ಮಾತ್ರ ಎಲ್ಲವೂ ಸಿಗುತ್ತಿದ್ದವು. ಎಂದಾದರೂ ಮರೆತು ಕರೆಯುತ್ತ ಬಂದರೆ ನಾನು ಬೆರಳಿನಿಂದ ಕೆನ್ನೆ ತೋರಿಸುತ್ತಿದ್ದೆ. ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಬಂದವರಂತೆ ನಾಚಿ ಹಿಂದಿರುಗುತ್ತಿದ್ದರು. ಅದರ ಬೆಲೆ ನನಗೆ ಆಗ ತಿಳಿದಿರಲಿಲ್ಲ.

ಮೂರು ವರ್ಷದ ಹಿಂದೆ ಒಸಡಿನಲ್ಲಿ ಉರಿ ಶುರುವಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಕಾಲೇಜಿಗೆ ಹೋಗುವ ಮಗಳು ಜೊತೆಗೆ ಬಂದಿದ್ದಳು. ಡಾಕ್ಟರು ನನಗಿಂತ ಎಷ್ಟೋ ಚಿಕ್ಕ ಹುಡುಗಿ. "ಹಲ್ಲಿಗಿ ಏನ್ ತಿಕ್ತೀರಿ?" ಎಂದು ಕೇಳಿದಳು. ಪೇಸ್ಟು ಎಂದೆ. ಆಕೆ ವಾದ ಮಾಡಲಿಲ್ಲ. ಕೈಯಲ್ಲಿ ಕನ್ನಡಿ ಕೊಟ್ಟು, ಕೆನ್ನೆಯನ್ನು ಹೊರಗೆ ಎಳೆದು ಒಳಗೆ ತೋರಿಸಿದಳು. ಸುಣ್ಣ ಬಳಿದ ಹಾಗೆ ಬೆಳ್ಳಗಿನ ಕಲೆ. ಚೂರು ತೆಗೆದು ಕಲಬುರಗಿಗೆ ಪರೀಕ್ಷೆಗೆ ಕಳಿಸಿದರು. ಅದರ ಫಲ ಬರುವವರೆಗೆ ನಾನು ಹೇಗಿದ್ದೆ ಎಂದು ಬರೆಯಲು ಈಗಲೂ ಕೈ ಬರುವುದಿಲ್ಲ. ಕೊನೆಗೆ ಆಕೆಯೇ ಕರೆದು ಕೂರಿಸಿ ಹೇಳಿದಳು: "ಇನ್ನಾ ಕ್ಯಾನ್ಸರ್ ಆಗಿಲ್ರಿ. ಬಿಡಲಿಲ್ಲಂದ್ರ ಆಗ್ತದ. ನಿಮಗ ಹೆದರಿಸ್ಲಾಕ ಹೇಳಾಕತ್ತಿಲ್ಲ, ಖರೇ ಹೇಳಾಕತ್ತೀನಿ." ಮಗಳು ನನ್ನ ಸೆರಗು ಹಿಡಿದುಕೊಂಡೇ ಇದ್ದಳು.

ಆ ದಿನವೇ ಬಿಟ್ಟೆ. ಬಿಟ್ಟೆ ಎನ್ನುವುದು ಎಷ್ಟು ಸಣ್ಣ ಮಾತು. ತಲೆ ಸಿಡಿಯಿತು, ಬೆಳಿಗ್ಗೆ ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಿರಲಿಲ್ಲ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಮಶೇರಿ ತಿಕ್ಕುವವರಿಗೆ ಮೊದಲು ನೆನಪಾಗುವುದು ಅದೇ. ಶಾಲೆಯಲ್ಲಿ ಮಗ್ಗಿ ತಪ್ಪಿದ ಮಕ್ಕಳ ಮೇಲೆ ಹರಿಹಾಯ್ದೆ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಎಲ್ಲರೂ ಇಂದು ನನ್ನ ತಲೆ ಹೇಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಅತ್ತೆ ಪಾಪ, ತಂಬಾಕು ಹುರಿಯಲು ಹಂಚು ಹಿಡಿದು ಪಕ್ಕದ ಮನೆಯ ಹಿತ್ತಲಿಗೆ ಹೋಗತೊಡಗಿದರು. ತಿಕ್ಕುವುದೂ ಅಲ್ಲೇ. ನನ್ನ ಮೂಗಿಗೆ ವಾಸನೆ ಬರಬಾರದೆಂದು. ನನ್ನ ಜೊತೆ ಕೂರುವುದನ್ನು ಅವರು ಹಾಗೆ ಬಿಟ್ಟರು. ಅದೂ ಒಂದು ಬಿಡುವಿಕೆಯೇ.

ನಾನು ಅಭ್ಯಾಸಬಲದಿಂದ ಬೆಳಿಗ್ಗೆ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದೆ. ಖಾಲಿ ಬಾಯಿ. ಕುಳಿತ ಕೂಡಲೇ ಒಳಗಿನಿಂದ ಕರೆ ಬರುತ್ತಿತ್ತು. "ಕೇಳಿಲ್ಲಿ, ನನ್ನ ಟವಲ್ ಎಲ್ಲದ?" ಎದ್ದು ಹೋಗುತ್ತಿದ್ದೆ. ಬಂದು ಕುಳಿತರೆ ಮಗಳ ದುಪಟ್ಟಾ, ಅದಾದರೆ ನೀರಿನ ಮೋಟರು, ಹಾಲಿನವರು. ಯಾರ ತಪ್ಪೂ ಇಲ್ಲ. ಬಾಯಿ ಖಾಲಿ ಇರುವ ಹೆಂಗಸು ಖಾಲಿಯೇ ಇದ್ದಾಳೆ ಎಂದು ಅವರು ತಿಳಿದರು. ನಾನೂ ಹಾಗೇ ತಿಳಿದಿದ್ದೆ. ಒಂದು ತಿಂಗಳಲ್ಲಿ ಮೆಟ್ಟಿಲ ಮೇಲೆ ಕೂರುವುದೇ ನಿಂತುಹೋಯಿತು.

ಆಮೇಲೆ ಒಂದು ದಿನ ತಡೆಯಲಾರದೆ ಅತ್ತೆಯ ಡಬ್ಬಿಗೆ ಕೈ ಹಾಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಗೋಡೆಗೆ ಮುಖ ಮಾಡಿ ಕುಳಿತು ತಿಕ್ಕಿದೆ. ಹೊಸದಾಗಿ ತಿಕ್ಕಿದವಳಂತೆ ತಲೆ ತಿರುಗಿತು, ಬಾಯಿ ಕಹಿಯಾಯಿತು, ಕಲೆ ಇದ್ದ ಜಾಗದಲ್ಲಿ ಚುರುಚುರು ಎಂದಿತು. ಸುಖವೇನೂ ಆಗಲಿಲ್ಲ. ಅಷ್ಟರಲ್ಲಿ ಮನೆಯವರು ಏನನ್ನೋ ಕೇಳುತ್ತ ಬಂದರು. ನಾನು ಕೆನ್ನೆ ತೋರಿಸಿದೆ. ಅವರ ಮುಖ ಸಣ್ಣದಾಯಿತು, ಆದರೂ ತಿರುಗಿ ಹೋದರು. ಸುಖ ಆಗ ಆಯಿತು. ಅದು ಮೈತುಂಬ ಹರಡಿದ್ದು ನನಗೇ ಸ್ಪಷ್ಟವಾಗಿ ಗೊತ್ತಾಯಿತು.

ಬಾಯಿ ತೊಳೆದುಕೊಂಡು ಯೋಚಿಸಿದೆ. ಬುದ್ಧಿವಂತಳಲ್ಲವೇ ನಾನು. ಮರುದಿನದಿಂದ ಒಲೆಯ ಇದ್ದಿಲನ್ನು ಕುಟ್ಟಿ ಉಪ್ಪು ಬೆರೆಸಿ, ಅಂಥದ್ದೇ ತಗಡಿನ ಡಬ್ಬಿಯಲ್ಲಿ ತುಂಬಿಕೊಂಡೆ. ಬಣ್ಣ ಅದೇ, ತಂಬಾಕಿನ ಒಂದು ಕಣವೂ ಇಲ್ಲ. ಅದನ್ನು ತಿಕ್ಕುತ್ತ ಮೆಟ್ಟಿಲ ಮೇಲೆ ಕುಳಿತೆ. ಕರೆಗಳು ನಿಂತವು. ಟವಲು, ಚಸ್ಮಾ ಮತ್ತೆ ತಾವಾಗಿ ಸಿಗತೊಡಗಿದವು. ಯಾರೂ ಏನೂ ಕೇಳಲಿಲ್ಲ, ಕೇಳಿದರೆ ಹೇಳೋಣವೆಂದು ನಾನೂ ಸುಮ್ಮನಿದ್ದೆ. ಅವರೆಲ್ಲ ನಾನು ಮತ್ತೆ ಮಶೇರಿಗೆ ಬಿದ್ದೆ ಎಂದು ನಂಬಿದ್ದರು. ಆ ನಂಬಿಕೆಯ ಮೇಲೆಯೇ ನನ್ನ ಅರ್ಧ ಗಂಟೆ ನಿಂತಿತ್ತು.

ಮಗಳು ಮಾತು ಕಡಿಮೆ ಮಾಡಿದಳು. ಪರೀಕ್ಷೆಯ ಚಿಂತೆ ಇರಬೇಕು ಎಂದುಕೊಂಡೆ. ಒಂದು ಬೆಳಿಗ್ಗೆ ಆಕೆ ಹಿತ್ತಲಿಗೆ ಬಂದು, ನನ್ನ ಮಡಿಲಲ್ಲಿದ್ದ ಡಬ್ಬಿ ಕಿತ್ತುಕೊಂಡು, ತಿಪ್ಪೆಗೆ ಎಸೆದಳು. ಮುಖವೆಲ್ಲ ನೀರು. "ಮಮ್ಮಿ, ನಿನಗ ನಾ ಬ್ಯಾಡಾದೆನಾ? ಡಾಕ್ಟರ್ ಹೇಳಿದ್ದು ನಾನೂ ಕೇಳೀನಿ. ದಿನಾ ಬಾಗಿಲ ಹಿಂದ ನಿಂತು ನೋಡ್ತೀನಿ ನಾ, ನೀ ಸಾಯ್ಲಾಕ ಕುಂದ್ರೋದು."

ನಾನು ಗಾಬರಿಯಿಂದ ಉಗುಳಿ, "ಅದು ಇದ್ದಿಲು ಅದ, ಮಶೇರಿ ಅಲ್ಲ" ಎಂದೆ. ಆಕೆ ನಂಬಲಿಲ್ಲ. ತಿಪ್ಪೆಯ ಮೇಲೆ ಚೆಲ್ಲಿದ್ದ ಪುಡಿಯನ್ನು ಬೆರಳಿಗೆ ಹಚ್ಚಿ ಮೂಸಿದಳು, ನಾಲಿಗೆಗೂ ಇಟ್ಟು ನೋಡಿದಳು. ಅಳು ನಿಂತಿತು, ಸಿಟ್ಟು ಹೆಚ್ಚಾಯಿತು.

"ಹಂಗಾರ ಯಾಕ? ನಮಗ್ಯಾಕ ಹೇಳಲಿಲ್ಲ?"

ಶಾಲೆಯಲ್ಲಿ ಎಷ್ಟು ಮಕ್ಕಳನ್ನು ನಾನು ಹೀಗೆ ನಿಲ್ಲಿಸಿ ಕೇಳಿದ್ದೇನೋ. "ಹೇಳಿದ್ರ ಎಲ್ಲಾರೂ ಕರೀತೀರಿ. ನನಗ ಸುಮ್ನ ಕುಂದ್ರಬೇಕಂದ್ರ ಒಂದು ನೆವ ಬೇಕಲ್ಲವ್ವ" ಎಂದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಇಷ್ಟು ಸಣ್ಣ ಆಸೆಗೆ ಮಗಳನ್ನು ಬಾಗಿಲ ಹಿಂದೆ ಅಳಲು ಬಿಟ್ಟಿದ್ದೆ.

ಪಕ್ಕದ ಹಿತ್ತಲಿನಿಂದ ಅತ್ತೆ ಗೋಡೆಗೆ ಬಂದು ನಿಂತಿದ್ದರು. ಬಾಯಲ್ಲಿದ್ದುದನ್ನು ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು ಹೇಳಿದರು: "ಇದರ ರುಚಿ ನನಗ ಎಂದೂ ಸೇರಿಲ್ಲ ನೋಡು." ಅಷ್ಟು ಹೇಳಿ ಮತ್ತೆ ತಮ್ಮ ಜಾಗಕ್ಕೆ ಹೋದರು. ಇಡೀ ಆಯುಷ್ಯ ತಿಕ್ಕಿದ ಹೆಂಗಸು.

ಸಂಜೆ ಅತ್ತೆಯೇ ಒಂದು ದಾರಿ ಹೇಳಿದರು. "ಲಿಂಗಪೂಜಾಕ್ಕ ಕುಂದ್ರು. ಪೂಜಾದಾಗ ಯಾರೂ ಕರ್ಯಾಂಗಿಲ್ಲ." ಮಾತು ಸರಿ. ಅಂಗೈಯಲ್ಲಿ ಲಿಂಗ ಹಿಡಿದು ಕುಳಿತವರನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಪೂಜೆ ನಾನು ಮಾಡುತ್ತೇನೆ, ಸ್ನಾನವಾದ ಮೇಲೆ ಭಕ್ತಿ ಇದ್ದಷ್ಟು ಹೊತ್ತು. ಆದರೆ ನನ್ನ ಅರ್ಧ ಗಂಟೆಗೆ ದೇವರನ್ನೂ ಇದ್ದಿಲ ಪುಡಿ ಮಾಡಲು ಮನಸ್ಸು ಒಪ್ಪಲಿಲ್ಲ.

ಮರುದಿನ ಬಾಯಿ ತೊಳೆದುಕೊಂಡು, ಬರಿಗೈಯಲ್ಲಿ ಹೋಗಿ ಕುಳಿತೆ. ಕರೆ ಬಂತು. ಕಳ್ಳತನ ಮಾಡುತ್ತಿದ್ದೇನೋ ಎಂಬ ಹಾಗೆ, "ನಾ ಕುಂತೀನ್ರಿ" ಎಂದೆ.

ಮನೆಯವರು ಬಾಗಿಲಿಗೆ ಬಂದು ನನ್ನ ಕೈ ನೋಡಿದರು, ಬಾಯಿ ನೋಡಿದರು. "ಏನ್ ಮಾಡಾಕತ್ತೀ?"

"ಏನಿಲ್ರಿ. ಕುಂತೀನಿ."

"ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ."

ಅವರಿಗೆ ತಿಳಿಯಲಿಲ್ಲ. ಒಳಗೆ ಹೋದರು. ಅಲಮಾರಿಯ ಬಾಗಿಲು ಅಗತ್ಯಕ್ಕಿಂತ ಜೋರಾಗಿ ಹಾಕಿದ ಸದ್ದು ಕೇಳಿತು. ಆ ದಿನ ಊಟದ ಡಬ್ಬಿ ಒಯ್ಯದೆಯೇ ರೈಲಿಗೆ ಹೋದರು. ನಾನು ಏಳಲಿಲ್ಲ ನಿಜ, ಆದರೆ ಮಶೇರಿ ಆ ಗಳಿಗೆಯಲ್ಲಿ ಬೇಕೆನಿಸಿದಷ್ಟು ಎಂದೂ ಬೇಕೆನಿಸಿರಲಿಲ್ಲ. ಒಸಡು ಬೆರಳನ್ನು ಕರೆಯುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

ಅದಕ್ಕಿಂತ ಕಷ್ಟದ್ದು ಆಮೇಲಿತ್ತು. ಕುಳಿತು ಮಾಡುವುದೇನು? ಎಷ್ಟೋ ವರ್ಷ ಕಾಣದ ನೆಂಟರ ಜೊತೆ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತಂತೆ, ನನಗೆ ನನ್ನ ಜೊತೆ ಮಾತೇ ಹೊರಡಲಿಲ್ಲ. ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಹುಡುಕಿದರೆ ಒಬ್ಬರೂ ಸಿಗಲಿಲ್ಲ, ಸಿಟ್ಟು ಮಾತ್ರ ಇತ್ತು. ಕೆಲವು ದಿನ ಅಳು. ಅದರ ಹಿಂದೆ ಸಾವಿನ ಭಯ, ಕನ್ನಡಿಯಲ್ಲಿ ಕಲೆ ಕಂಡ ದಿನ ನುಂಗಿಕೊಂಡದ್ದು. ಇಷ್ಟು ವರ್ಷ ಇದನ್ನೆಲ್ಲ ಕರಿ ಪುಡಿಯಿಂದ ಮರಗಟ್ಟಿಸಿದ್ದೆ ಎಂದು ಕಾಣುತ್ತದೆ. ಹಲ್ಲು ನೋವಿಗೆ ಹಚ್ಚಿದ್ದು ಎಲ್ಲ ನೋವಿಗೂ ತಗುಲಿತ್ತು. ಇಷ್ಟು ಕಾಲ ಈಕೆ ಒಬ್ಬಳೇ ಹೇಗೆ ಸಹಿಸಿದಳು ಎಂದು ನನ್ನ ಬಗ್ಗೆಯೇ ನನಗೆ ಕನಿಕರ ಬಂತು.

ಎಲ್ಲವೂ ಅಳುವಿನ ಸಂಗತಿಗಳಲ್ಲ. ನನಗೆ ಚಹಾದಲ್ಲಿ ಇಷ್ಟು ಸಕ್ಕರೆ ಸೇರುವುದಿಲ್ಲ ಎಂದು ಆ ಮೆಟ್ಟಿಲ ಮೇಲೆಯೇ ಪತ್ತೆಯಾಯಿತು. ಮದುವೆಯಾದಾಗಿನಿಂದ ಮನೆಯವರ ಅಳತೆಯಲ್ಲೇ ಕುಡಿದುಕೊಂಡು ಬಂದಿದ್ದೆ. ಮಗಳು ಈಗ ಒಮ್ಮೊಮ್ಮೆ ನನಗಾಗಿ ಬೇರೆ ಚಹಾ ಮಾಡಿ ತಂದಿಟ್ಟು, ಮಾತಾಡದೆ ಒಳಗೆ ಹೋಗುತ್ತಾಳೆ.

ಕಲೆ ಸಣ್ಣದಾಗಿದೆ, ಹೋಗಿಲ್ಲ. ಡಾಕ್ಟರು ಬರುತ್ತಿರಿ ಎಂದಿದ್ದಾಳೆ, ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕದವರ ಕೈಚೀಲದಿಂದ ಹುರಿದ ತಂಬಾಕಿನ ವಾಸನೆ ಬಂದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಮನೆಯವರು ಬಹಳ ದಿನ ಮುನಿಸಿಕೊಂಡಿದ್ದರು. "ಆತೇನು ನಿಂದು ಕುಂದ್ರೋದು?" ಎಂದು ಚುಚ್ಚುತ್ತಿದ್ದರು. "ಇನ್ನಾ ಆಗಿಲ್ರಿ" ಎನ್ನುತ್ತಿದ್ದೆ. ಆಮೇಲೆ ಚುಚ್ಚುವುದು ನಿಂತಿತು, ಯಾವಾಗ ಎಂದು ಗಮನಿಸಲಿಲ್ಲ.

ಮೊನ್ನೆ ನಾನು ಹಿತ್ತಲಲ್ಲಿದ್ದಾಗ ಒಳಗೆ ನನ್ನ ಮೊಬೈಲು ಬಡಿದುಕೊಂಡಿತು. ನಮ್ಮ ಶಾಲೆಯ ಹೆಡ್ ಮಾಸ್ತರು. ಮನೆಯವರು ಎತ್ತಿಕೊಂಡು, ಫೋನು ಹಿಡಿದು ಬಾಗಿಲ ತನಕ ಬಂದರು. ನನ್ನನ್ನು ನೋಡಿದರು. ನಾನು ಕೈ ಚಾಚಬೇಕೋ ಬೇಡವೋ ಎನ್ನುವಷ್ಟರಲ್ಲಿ ಅವರೇ ಮಾತಾಡಿದರು.

"ಆಕಿ ಕುಂತಾಳ್ರಿ ಸರ. ಆಮ್ಯಾಲ ಮಾಡ್ತಾಳ."

ಆ ಕಡೆಯಿಂದ ಏನೋ ಕೇಳಿದರು.

"ಪೂಜಾಕ್ಕ ಅಲ್ರಿ," ಎಂದರು ಮನೆಯವರು, ಒಳಗೆ ತಿರುಗುತ್ತ. "ಇಲ್ಲ ಇಲ್ರಿ, ಜಡ್ಡೂ ಇಲ್ಲ. ಆರಾಮ ಅದಾಳ. ಸುಮ್ನ ಕುಂತಾಳ."