ನಾಲ್ಕನೇ ಜ್ವರದ ಕ್ಲಾಸು

ಕೆಲಸ ಸಿಕ್ತು ಅಂತ ಮನೇಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ. "ಎಕ್ಸ್‌ಟೆನ್ಶನ್ ಅಂದ್ರೆ ಆ ವೈರ್ ಬಾಕ್ಸೇನಪ್ಪ? ಟಿವಿಗೂ ಮಿಕ್ಸಿಗೂ ಸೇರ್ಸಿ ಹಾಕ್ತೀವಲ್ಲ, ಅದಾ?"

ಅಲ್ಲಮ್ಮ, ಹಳ್ಳಿಗಳಿಗೆ ಹೋಗಿ ರೈತರಿಗೆ ಹೊಸ ವಿಷಯ ತಿಳ್ಸೋದು, ತರಬೇತಿ ಪ್ಲಾನ್ ಮಾಡೋದು, ಅದಕ್ಕೆ ಎಕ್ಸ್‌ಟೆನ್ಶನ್ ಪ್ರೋಗ್ರಾಂ ಅಂತಾರೆ ಅಂದೆ. ಅಮ್ಮ ಕಡ್ಲೆಕಾಯಿ ಬಿಡಿಸ್ತಾ ಕೂತಿದ್ಲು. "ರೈತರಿಗೆ ನೀನು ತಿಳ್ಸ್ತೀಯ" ಅಂದ್ಲು. ಪ್ರಶ್ನೆ ಕೇಳಿದ್ದಲ್ಲ ಅದು. ಅಪ್ಪ ಎದ್ದು ಹೊಲದ ಕಡೆ ಹೋದ್ರು. ಬಹುಶಃ ಹೊಲಕ್ಕೆ ಮುಂಚೇನೇ ಎಚ್ಚರಿಕೆ ಕೊಡಕ್ಕೆ.

ನಮ್ದು ನಗರಗೆರೆ ಕಡೆ. ಕಡ್ಲೆಕಾಯಿ, ಮುಸುಕಿನ ಜೋಳ, ಎರಡು ಎಮ್ಮೆ. ರೇಷ್ಮೆ ನಮ್ಮ ಮನೆಗೆ ಬಂದಿದ್ದು ಸೀರೆ ಆಗಿ ಮಾತ್ರ. ಚಿಕ್ಕಬಳ್ಳಾಪುರದಲ್ಲಿ ನಂಗೆ ಕೆಲಸ ಕೊಟ್ಟ ಸಣ್ಣ ಸಂಸ್ಥೆ ಇದನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇಂಟರ್‌ವ್ಯೂನಲ್ಲಿ "ರೇಷ್ಮೆ ಗೊತ್ತಾ" ಅಂದಾಗ "ನಮ್ಮಕ್ಕನ್ನ ಶಿಡ್ಲಘಟ್ಟದ ಕಡೆ ಕೊಟ್ಟಿದೀವಿ" ಅಂದೆ. ಅದೂ ಒಂದು ಅನುಭವ ಅಂದ್ಕೊಂಡ್ರು.

ಸೇರಿದ ಹೊಸದರಲ್ಲಿ ಅಕ್ಕನ ಊರಿಗೆ ಹೋದೆ. ಬ್ಯಾಗಲ್ಲಿ ಸಂಸ್ಥೆ ಡೈರಿ, ಮೈ ತುಂಬ ಬಾಡಿ ಸ್ಪ್ರೇ, ಮುಖದ ಮೇಲೆ ತಜ್ಞನ ಕಳೆ. ರೇಷ್ಮೆ ಹುಳದ ಮನೆ ಬಾಗಿಲಲ್ಲೇ ಅಕ್ಕನ ಅತ್ತೆ ಕೈ ಅಡ್ಡ ಇಟ್ರು.

"ಒಳಗೆ ಬರ್ಬೇಡಪ್ಪ. ಗಮಗಮ ಅಂತಿದೀಯ, ಆ ವಾಸನೆ ಹುಳಕ್ಕೆ ಆಗಲ್ಲ. ಹುಳಕ್ಕೆ ಬೇರೆ ಜ್ವರ."

ನಾನು ತಕ್ಷಣ ಡೈರಿ ತೆಗ್ದೆ. "ಯಾವಾಗಿಂದ?"

"ಬೆಳಿಗ್ಗೆಯಿಂದ."

"ಮುಂಚೆ ಯಾವಾಗಾದ್ರೂ ಬಂದಿತ್ತಾ?"

"ಇದು ನಾಲ್ಕನೇ ಜ್ವರ ಅಲ್ವಾ."

"ನಾಲ್ಕು ಸಲ ಬಂದ್ರೂ ಡಾಕ್ಟ್ರಿಗೆ ತೋರ್ಸಿಲ್ವಾ?"

ಅತ್ತೆ ನನ್ನ ಮುಖ ನೋಡಿದ್ರು. ಆಮೇಲೆ ಅಕ್ಕನ ಮುಖ ನೋಡಿದ್ರು. "ಏಮಮ್ಮಾ, ನಿನ್ ತಮ್ಮ ಇದಕ್ಕೇನಾ ಓದಿರೋದು" ಅಂದ್ರು. ಜಗಲಿ ಮೇಲೆ ಕೂತಿದ್ದ ಪಕ್ಕದ ಮನೆಯವರು ಸೆರಗಲ್ಲಿ ಬಾಯಿ ಮುಚ್ಕೊಂಡ್ರು.

ಅಕ್ಕ ಪಕ್ಕಕ್ಕೆ ಎಳ್ಕೊಂಡು ಹೋಗಿ ಹೇಳಿದ್ಲು. ಹುಳ ಪೊರೆ ಬಿಡೋ ಮುಂಚೆ ಸೊಪ್ಪು ತಿನ್ನೋದು ನಿಲ್ಸಿ, ತಲೆ ಎತ್ಕೊಂಡು ಅಲ್ಲಾಡದೆ ಕೂತ್ಬಿಡತ್ತೆ. ಅದನ್ನೇ ಜ್ವರ ಅನ್ನೋದು. ಕಾಯಿಲೆ ಅಲ್ಲ. ಹುಟ್ಟಿದ ಪ್ರತಿ ಹುಳಕ್ಕೂ ನಾಲ್ಕು ಸಲ ಬರ್ಲೇಬೇಕು. "ಅತ್ತೆ ಈಗ ಊರೆಲ್ಲ ಹೇಳ್ತಾರೆ ಕಣೋ" ಅಂದ್ಲು, ನಗ್ತಾನೇ.

ಜಗಲಿಗೆ ವಾಪಸ್ ಬಂದಾಗ ನಂಗೆ ಒಂದು ಕಾಣಿಸ್ತು. ಊರಿನ ಹೆಂಗಸರೆಲ್ಲ ಸುಮ್ನೆ ಕೂತಿದಾರೆ. ಒಬ್ರು ತಲೆ ಬಾಚಿಸ್ಕೊತಿದಾರೆ, ಒಬ್ರು ಅವರೆಕಾಯಿ ಸುಲೀತಿದಾರೆ, ಒಬ್ರು ಕಂಬಕ್ಕೆ ಒರಗಿ ನಿದ್ದೆ. ಬೇರೆ ದಿನ ಫೋನ್ ಮಾಡಿದ್ರೆ ಅಕ್ಕ "ಸೊಪ್ಪು ಹಾಕ್ಬೇಕು, ಇಡು" ಅಂತ ಕಟ್ ಮಾಡ್ತಾಳೆ.

"ಏನಕ್ಕ, ಇವತ್ತು ಹಬ್ಬಾನಾ?"

"ಜ್ವರ ಅಲ್ವಾ. ಹುಳ ತಿನ್ನಲ್ಲ, ನಮ್ಗೂ ಕೆಲ್ಸ ಇಲ್ಲ. ಊರೆಲ್ಲ ಒಂದೇ ಕಡೆ ಹುಳದ ಮರಿ ತರೋದು, ಎಲ್ರ ಮನೇಲೂ ಒಂದೇ ದಿನ ಜ್ವರ. ಇದೊಂದೇ ಕಣೋ ನಮ್ಗೆ ರಜಾ."

ಅಲ್ಲೇ ಹೊಳೀತು. ಇಷ್ಟು ದಿನ ತರಬೇತಿ ಅಂದ್ರೆ ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲೋ ದೂರದ ಹಾಲ್‌ನಲ್ಲಿ. ಗಂಡಸರು ಹೋಗಿ ಕಾಫಿ ಕುಡ್ದು ಬಂದು "ಏನೋ ಹೇಳಿದ್ರಪ್ಪ" ಅಂತಿದ್ರು. ಹುಳ ಸಾಕೋರು ಹೆಂಗಸರು. ಹೋದ ಬೆಳೇಲಿ ಹಾಲುತೊಂಡೆ ರೋಗ ಬಂದು ಅಕ್ಕನ ಮನೆ ಹುಳ ತಟ್ಟೆ ತಟ್ಟೆನೇ ಹೋಗಿತ್ತು, ಯಾಕೆ ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ. ಕ್ಲಾಸು ಜಗಲಿಗೇ ಬಂದ್ರೆ? ಅದೂ ಜ್ವರದ ದಿನ ಬಂದ್ರೆ?

ಈ ಐಡಿಯಾನ ಮೊದ್ಲು ಹೇಳಿದ್ದು ನನ್ನ ಫ್ರೆಂಡಿಗೆ. ಅವನು ಚಿಂತಾಮಣಿಯವನು, ನನ್ ಜೊತೇಲೇ ಕೆಲಸಕ್ಕೆ ಸೇರ್ದವನು, ಇಬ್ರದ್ದೂ ಒಂದೇ ರೂಮು, ಒಂದೇ ಹೆಲ್ಮೆಟ್ಟು. ಐಡಿಯಾ ಹೇಳೋ ಮುಂಚೆ ಜ್ವರದ ಕಥೆ ಹೇಳ್ದೆ. ನಂಗೆ ಒಂದು ಕೆಟ್ಟ ಚಾಳಿ ಇದೆ. ಮರ್ಯಾದೆ ಹೋಗಿದ್ದು ಒಂದು ಲೋಟ ಆದ್ರೆ ಹೇಳೋವಾಗ ಒಂದು ಬಿಂದಿಗೆ ಮಾಡ್ತೀನಿ. ಡಾಕ್ಟ್ರಿಗೆ ತೋರ್ಸಿಲ್ವಾ ಅಂತ ಕೇಳಿದ್ದು ನಿಜ. ಆದ್ರೆ ಅವನಿಗೆ ಹೇಳೋವಾಗ ಮೆಡಿಕಲ್ ಸ್ಟೋರಿಗೆ ಓಡಿದೆ ಅಂದೆ, ಜ್ವರದ ಮಾತ್ರೆ ತಂದು ಪುಡಿ ಮಾಡಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಉದುರಿಸ್ದೆ ಅಂದೆ, ಒಂದೊಂದು ಹುಳದ ಹಣೆ ಹುಡುಕಿ ಒದ್ದೆ ಬಟ್ಟೆ ಹಾಕಕ್ಕೆ ನೋಡ್ದೆ ಅಂದೆ. ಅವನು ಮಂಚದಿಂದ ಕೆಳಗೆ ಬಿದ್ದು ನಕ್ಕ. ನಂಗೆ ಅಷ್ಟೇ ಸಾಕು. ನಗೋರು ಸಿಕ್ಕಿದ್ರೆ ನಾನು ಮನೆ ಪತ್ರನೂ ಬರ್ಕೊಡ್ತೀನಿ.

ಐಡಿಯಾ ಕೇಳಿ ಮಾತ್ರ ಅವನು ಎದ್ದು ಕೂತ. "ಮಗಾ, ಇದು ಸೂಪರ್ ಆಗಿದೆ. ಮಾಡಣ" ಅಂದ.

ಇಬ್ರೂ ಸೇರಿ ಪ್ಲಾನ್ ಮಾಡಿದ್ವಿ. ಅವನೂ ಅಕ್ಕನ ಮನೆಗೆ ಬಂದ. ಅಕ್ಕ ಮುದ್ದೆ, ಸೊಪ್ಪಿನ ಸಾರು ಇಕ್ಕಿದ್ಲು, "ಇನ್ನೊಂಚೂರು ತಿನ್ನೋ ತಮ್ಮ" ಅಂತ ನಂಗಿಂತ ದೊಡ್ಡ ಮುದ್ದೆ ಅವನ ತಟ್ಟೆಗೆ ಹಾಕಿದ್ಲು. ಆಮೇಲೆ ಜಗಲಿ ಮೇಲೆ ಹೆಂಗಸರನ್ನ ಕೂರ್ಸಿ ಮಾತಾಡಿದ್ವಿ. ಅತ್ತೆ ಒಪ್ಲಿಲ್ಲ.

"ಎಷ್ಟು ಜನ ಬಂದು ಫೋಟೋ ಹಿಡ್ಕೊಂಡು ಹೋದ್ರಪ್ಪ. ನೀವೂ ಅಷ್ಟೆ. ಇವರನ್ನೆಲ್ಲ ನಾನು ಒಪ್ಸಿ, ನಾಳೆ ನೀವು ಬರ್ದಿದ್ರೆ ಬೈಸ್ಕೊಳೋಳು ನಾನು."

ಅಕ್ಕ ಅವತ್ತು ಮೊದಲ್ನೇ ಸಲ ಅತ್ತೆ ಮುಂದೆ ಗಟ್ಟಿಯಾಗಿ ಮಾತಾಡಿದ್ಲು. "ಅತ್ತೆ, ಇವನು ನನ್ನ ತಮ್ಮ. ಹಂಗ್ ಮಾಡಲ್ಲ. ನನ್ ಮಾತು." ಹೆಂಗಸರು ಅವಳ ಮುಖ ನೋಡಿ "ಆಯ್ತು ಬಿಡಮ್ಮ, ಮುಂದಿನ ಬೆಳೆ ನಾಲ್ಕನೇ ಜ್ವರಕ್ಕೆ ಕೂರಣ" ಅಂದ್ರು. ಫ್ರೆಂಡು ನನ್ ಪಕ್ಕದಲ್ಲೇ ಕೂತಿದ್ದ. ಎಲ್ಲಾ ಕೇಳಿಸ್ಕೊಂಡ.

ಆಫೀಸ್ ಮೀಟಿಂಗಲ್ಲಿ ನಾನು ಚಾರ್ಟ್ ತೂಗ್ಹಾಕಿ ಹೇಳ್ದೆ. ಹೇಳಿದ್ದು ಚೆನ್ನಾಗೇ ಇತ್ತು, ಚಾರ್ಟ್ ತಲೆಕೆಳಗಾಗಿ ಹಾಕಿದ್ದು ಬಿಟ್ರೆ. ಮೇಡಂ, ಅಂದ್ರೆ ನಮ್ಮ ಸಂಸ್ಥೆ ನಡ್ಸೋರು, ಕತ್ತು ಓರೆ ಮಾಡ್ಕೊಂಡು ಓದಿದ್ರು, ಇಷ್ಟಪಟ್ರು. "ಜವಾಬ್ದಾರಿ ಯಾರ್ದು? ನಿಂದೇನಾ?" ಅಂದ್ರು.

ನಾನು ಬಾಯಿ ತೆಗೆಯೋಷ್ಟರಲ್ಲಿ ಫ್ರೆಂಡು ಮಾತಾಡಿದ. "ಮೇಡಂ, ಐಡಿಯಾ ನಮ್ದೇ. ಆದ್ರೆ ಇವನಿಗೆ ರೇಷ್ಮೆ ಅಷ್ಟಕ್ಕಷ್ಟೆ. ಹುಳಕ್ಕೆ ಜ್ವರ ಅಂದಿದ್ದಕ್ಕೆ ಮಾತ್ರೆ ಪುಡಿ ಮಾಡಿ ಹಾಕ್ದವನು." ಅಂದು, ಪೂರ್ತಿ ಹೇಳ್ದ. ಮೆಡಿಕಲ್ ಸ್ಟೋರು, ಹಣೆ, ಒದ್ದೆ ಬಟ್ಟೆ, ಒಂದೂ ಬಿಡ್ಲಿಲ್ಲ. ನಾನು ಎಲ್ಲಿ ನಿಲ್ಲಿಸ್ತೀನೋ ಅಲ್ಲೇ ನಿಲ್ಸಿದ. ಆಫೀಸೆಲ್ಲ ನಕ್ತು. ಮೊದ್ಲು ನಕ್ಕಿದ್ದು ನಾನೇ, ಅಭ್ಯಾಸ ಬಲ.

ಮೇಡಂ ನಗು ಒರ್ಸ್ಕೊಂಡು "ನಿಜಾನಾ?" ಅಂದ್ರು.

ನಿಜ ಅಂದ್ರೆ ದಡ್ಡ. ಸುಳ್ಳು ಅಂದ್ರೆ, ಮತ್ತೆ ಅವನಿಗೆ ಯಾಕೆ ಹಂಗೆ ಹೇಳ್ದೆ ಅಂತಾರೆ, ಸುಳ್ಳ. ನಾನು ಚಾರ್ಟ್ ಕಡೆ ನೋಡ್ದೆ. ಅದು ಇನ್ನೂ ತಲೆಕೆಳಗಾಗೇ ಇತ್ತು.

ಜವಾಬ್ದಾರಿ ಅವನಿಗೆ ಹೋಯ್ತು. ಅಷ್ಟಕ್ಕೇ ನಿಂತಿದ್ರೆ ನಾನು ಇದನ್ನೂ ಒಂದು ಜೋಕ್ ಮಾಡ್ತಿದ್ದೆ. ಆದ್ರೆ ಅವನು ಅಲ್ಲೇ ಮುಂದುವರ್ಸಿದ. "ಮೇಡಂ, ಜ್ವರದ ದಿನ ಅಂತ ಅತಿಥಿಗಳಿಗೆ ಹೆಂಗೆ ಹೇಳೋದು? ಒಂದು ದಿನ ಫಿಕ್ಸ್ ಮಾಡಣ. ಜಗಲಿ ಬೇಡ, ಸ್ಕಂದಗಿರಿ ಹತ್ರ ಹಾಲ್ ಇದೆ, ಪಾರ್ಕಿಂಗ್ ಚೆನ್ನಾಗಿದೆ. ಹಳ್ಳಿಯವರನ್ನ ಗಾಡೀಲಿ ಕರ್ಸ್ಕೊಳಣ. ಬೆಳಿಗ್ಗೆ ಹನ್ನೊಂದಕ್ಕೆ."

ಜ್ವರ ಇಲ್ಲ, ಜಗಲಿ ಇಲ್ಲ. ಪ್ಲಾನ್‌ನಲ್ಲಿ ಉಳ್ದಿದ್ದು ನಾನು ಚಾರ್ಟಲ್ಲಿ ಬರ್ದಿದ್ದ ಹಿಪ್ಪುನೇರಳೆ ಎಲೆ ಚಿತ್ರ.

ರೂಮಿಗೆ ಬಂದ್ಮೇಲೆ ಕೇಳ್ದೆ. "ಅಕ್ಕ ಮಾತು ಕೊಟ್ಟಿದ್ದು ನೀನೂ ಕೇಳಿದ್ಯಲ್ಲೋ."

ಅವನು ಶರ್ಟ್ ಮಡಚ್ತಾ ಇದ್ದ. "ಅಕ್ಕನ ಊರನ್ನೂ ಕರೀತಿದೀನಲ್ಲ ಮಗಾ. ಗಾಡಿನೇ ಕಳಿಸ್ತೀನಿ."

"ಮತ್ತೆ ಆ ಮಾತ್ರೆ ಕಥೆ?"

"ಬೇಜಾರ್ ಮಾಡ್ಕೋಬೇಡ. ಜೋಕ್ ನಿಂದೇ ಅಲ್ವಾ."

ಅಕ್ಕಂಗೆ ಫೋನ್ ಮಾಡಿ ದಿನ ಹೇಳ್ದೆ. "ಅವತ್ತಿಗೆ ಹುಳ ಹಣ್ಣಾಗಿರತ್ತೆ ಕಣೋ" ಅಂದ್ಲು. ಗೂಡು ಕಟ್ಟಕ್ಕೆ ರೆಡಿಯಾದ ಹುಳಕ್ಕೆ ಹಣ್ಣಾಯ್ತು ಅಂತಾರೆ. ಒಂದೊಂದನ್ನೂ ಕೈಯಲ್ಲಿ ಆರ್ಸಿ ಚಂದ್ರಿಕೆ ಮೇಲೆ, ಅಂದ್ರೆ ಗೂಡು ಕಟ್ಟೋ ಬಿದಿರಿನ ತಟ್ಟೆ ಮೇಲೆ, ಬಿಡ್ಬೇಕು, ಮನೆಮಂದಿಯೆಲ್ಲ ಊಟ ಮರೆಯೋ ದಿನ ಅದು. ಇಡೀ ಬೆಳೇಲಿ ಹುಡುಕಿದ್ರೂ ಇದಕ್ಕಿಂತ ಕೆಟ್ಟ ದಿನ ಸಿಗ್ತಿರ್ಲಿಲ್ಲ.

ಕಾರ್ಯಕ್ರಮದ ದಿನ ನಂಗೆ ಕೊಟ್ಟ ಕೆಲಸ ಕುರ್ಚಿ ಮತ್ತೆ ನೀರಿನ ಬಾಟಲ್. ಅಕ್ಕನ ಊರಿಗೆ ಹೋಗಿದ್ದ ಗಾಡಿ ಬಂತು. ಅದರಿಂದ ಇಳ್ದೋಳು ಅಕ್ಕ ಒಬ್ಳೇ. ಮದುವೆ ಮನೆ ಸೀರೆ ಉಟ್ಕೊಂಡಿದ್ಲು, ಬೆರಳ ಸಂದೀಲಿ ಹುಳದ ತಟ್ಟೆಗೆ ಉದುರ್ಸೋ ಸುಣ್ಣದ ಪುಡಿ ಹಂಗೇ ಇತ್ತು.

"ಬೇರೆಯವರು?"

"ಹುಳ ಬಿಟ್ಟು ಯಾರ್ ಬರ್ತಾರೆ. ಮಾತು ಕೊಟ್ಟೋಳು ನೀನು, ನೀನೇ ಹೋಗು ಅಂದ್ರು ಅತ್ತೆ."

ಖಾಲಿ ಕುರ್ಚಿ ಬಹಳ ಉಳ್ದಿತ್ತು. ಸ್ಕಂದಗಿರಿ ಹತ್ತಿ ಇಳ್ದು ಬಂದ ಟ್ರೆಕ್ಕಿಂಗ್ ಹುಡುಗ್ರು ಊಟ ಇದೆ ಅಂತ ಗೊತ್ತಾಗಿ ಬಂದು ಕೂತ್ರು. ಫೋಟೋದಲ್ಲಿ ಈಗ್ಲೂ ಅವರೇ ಮುಂದಿನ ಸಾಲಿನ ರೇಷ್ಮೆ ಬೆಳೆಗಾರರು, ಒಬ್ಬನ ಕೊರಳಲ್ಲಿ ಕ್ಯಾಮೆರಾ ಬೇರೆ.

ಫ್ರೆಂಡು ಮೈಕ್ ಹಿಡ್ಕೊಂಡ. ಜನ ಆಕಳಿಸ್ತಿದಾರೆ ಅಂತ ಅವನಿಗೆ ಅನ್ನಿಸಿರ್ಬೇಕು. "ನಮ್ಮ ಆಫೀಸಲ್ಲಿ ಒಬ್ಬ ಹುಡುಗ ಇದಾನೆ" ಅಂತ ಶುರು ಮಾಡ್ದ. ಈ ಸಲ ಥರ್ಮಾಮೀಟರೂ ಬಂತು. ಅದು ನಂದಲ್ಲ, ಅವನ ಸ್ವಂತ. ಹಾಲ್ ನಕ್ತು, ಟ್ರೆಕ್ಕಿಂಗ್ ಹುಡುಗ್ರು ಎಲ್ರಿಗಿಂತ ಜೋರಾಗಿ. ನಾನು ನೀರಿನ ಬಾಟಲ್ ಹಿಡ್ಕೊಂಡು ಅಕ್ಕನ ಕಡೆ ನೋಡ್ದೆ. ಅವಳು ನಗ್ಲಿಲ್ಲ. ವೇದಿಕೆ ಮೇಲಿದ್ದವನನ್ನೇ ನೋಡ್ತಿದ್ಲು. ತಾನು ಬಡಿಸಿದ ಮುದ್ದೆ ಎಲ್ಲಿ ಹೋಯ್ತು ಅಂತ ಹುಡುಕ್ತಿದಾಳೇನೋ ಅನ್ನಿಸ್ತು.

ಹಾಲುತೊಂಡೆ ಯಾಕೆ ಬರತ್ತೆ ಅಂತ ಹೇಳ್ಬೇಕಿದ್ದ ತಜ್ಞರು ಊಟದ ಹೊತ್ತಿಗೆ ಬಂದ್ರು, ಹೂವಿನ ಹಾರ ಹಾಕಿಸ್ಕೊಂಡು ಹೋದ್ರು.

ಗಾಡಿ ವಾಪಸ್ ಬಿಡಕ್ಕೆ ಇರ್ಲಿಲ್ಲ. ಅಕ್ಕನ ಜೊತೆ ಶಿಡ್ಲಘಟ್ಟದ ಬಸ್ ಹತ್ತಿದೆ. ಅರ್ಧ ದಾರೀಲಿ ಅಕ್ಕ ಕೇಳಿದ್ಲು.

"ಮಾತ್ರೆ ಯಾವಾಗ ತಂದಿದ್ಯೋ?"

"ತಂದಿರ್ಲಿಲ್ಲಕ್ಕ."

"ಅದು ನಂಗೊತ್ತು. ಅವನಿಗ್ಯಾಕೆ ಹಂಗ್ ಹೇಳ್ದೆ?"

"ನಗ್ಲಿ ಅಂತ."

ಅಕ್ಕ ಕಿಟಕಿ ಕಡೆ ತಿರುಗಿದ್ಲು. "ನಕ್ಕ ಬಿಡು" ಅಂದ್ಲು.

ಮನೆಗೆ ಹೋದಾಗ ಹುಳದ ಮನೇಲಿ ಎಲ್ರೂ ಬಗ್ಗಿ ಹುಳ ಆರಿಸ್ತಿದ್ರು. ಜಗಲಿ ಮೇಲೆ "ಆಯ್ತು ಬಿಡಮ್ಮ" ಅಂದಿದ್ದವರೇ ತಮ್ ಮನೇದು ಮುಗ್ಸಿ ಕೈ ಜೋಡ್ಸಕ್ಕೆ ಬಂದಿದ್ರು. ಒಬ್ರೂ ಅಕ್ಕನ್ನ ಏನಾಯ್ತು ಅಂತ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿರ್ತಿತ್ತು. ಅತ್ತೆ ತಲೆ ಎತ್ತದೇ ಹೇಳಿದ್ರು. "ಸ್ಪ್ರೇ ಹೊಡ್ದಿಲ್ಲ ತಾನೆ? ಕೈ ತೊಳ್ಕೊಂಡು ಬಾ."

ನಾನು ಕೂತೆ. ಹಣ್ಣಾದ ಹುಳ ಹಳದಿ ದ್ರಾಕ್ಷಿ ತರ ಇರತ್ತೆ, ಬೆಳಕು ಒಳಗಿಂದ ಹಾದು ಹೋಗತ್ತೆ. ಬೊಗಸೆ ತುಂಬ ಹುಳ ಇದ್ದಾಗ ಜೇಬಲ್ಲಿ ಫೋನ್ ಬಡ್ಕೊಳಕ್ಕೆ ಶುರು ಮಾಡ್ತು. ನಿಲ್ಲಿಸ್ತಾನೇ ಇಲ್ಲ. ಅಕ್ಕ ಎರಡು ಬೆರಳಲ್ಲಿ ತೆಗ್ದು ಸ್ಪೀಕರ್‌ಗೆ ಹಾಕಿದ್ಲು.

"ಮಗಾ, ಎಲ್ಲೋ ಹೋದೆ? ಮೇಡಂ ಫುಲ್ ಖುಷಿ. ಆ ಜ್ವರದ್ದು ಸಕ್ಕತ್ತಾಗಿ ವರ್ಕ್ ಆಯ್ತು ಕಣೋ. ಮುಂದಿನದು ವಿದುರಾಶ್ವತ್ಥದ ಕಡೆ ಇದೆ, ಕಡ್ಲೆಕಾಯಿ ರೈತರಿಗೆ. ನಿಮ್ ಕಡೆದೇ ಅಲ್ವಾ. ಕಡ್ಲೆಕಾಯಿ ಮೇಲೆ ಏನಾದ್ರೂ ಪೆದ್ದುತನ ಮಾಡಿದ್ರೆ ಹೇಳೋ, ಸ್ಟಾರ್ಟಿಂಗಿಗೆ ಬೇಕು."

ಹುಳದ ಮನೇಲಿ ಎಲ್ರ ಕೈ ನಿಂತ್ವು. ನಿಜ ಹೇಳ್ಬೇಕಂದ್ರೆ ಕಡ್ಲೆಕಾಯಿ ಮೇಲೆ ನನ್ ಹತ್ರ ಒಳ್ಳೊಳ್ಳೆ ಕಥೆ ಇದಾವೆ. ಒಂದು ನಾಲಿಗೆ ತುದಿವರೆಗೂ ಬಂತು.

ಅಲ್ಲೇ ನುಂಗ್ಕೊಂಡೆ.

"ಹಲೋ, ಮಗಾ?"

ಅತ್ತೆ ಮೊದಲ್ನೇ ಸಲ ತಲೆ ಎತ್ತಿದ್ರು. "ಎವರಪ್ಪಾ ಅದು? ಯಾರು?"

"ಫ್ರೆಂಡು."

"ಫ್ರೆಂಡಾ" ಅಂದ್ರು ಅತ್ತೆ.

ಅಕ್ಕ ಮೊಣಕೈಯಲ್ಲಿ ಫೋನ್ ಆಫ್ ಮಾಡಿದ್ಲು. ನನ್ ಬೊಗಸೇಲಿದ್ದ ಹುಳ ಒಂದು ಬೆರಳಿಂದ ಬೆರಳಿಗೆ ದಾರ ಎಳೆಯಕ್ಕೆ ಆಗ್ಲೇ ಶುರು ಮಾಡಿತ್ತು. "ಬೇಗ ಬಿಡಪ್ಪ ಚಂದ್ರಿಕೆ ಮೇಲೆ" ಅಂದ್ರು ಅತ್ತೆ, "ಇಲ್ಲಾಂದ್ರೆ ನಿನ್ ಕೈಯಲ್ಲೇ ಗೂಡು ಕಟ್ಬಿಡತ್ತೆ."