ಆರತಿಯಿಂದ ಶುರುವಾದ ಭಜನೆ

ಗೆಳೆಯರೇ, ಮಣಿಕೊಂಡದ ನಮ್ಮ ಕಟ್ಟಡದ ಸೈಟಿನಲ್ಲಿ ಇವತ್ತು ಕೆಲಸ ನಿಂತಿದೆ. ತಪ್ಪು ನನ್ನದೇ.

ಯಾದಗಿರಿ ಕಡೆಯ ಮೇಸ್ತ್ರಿ ಶರಣಪ್ಪನವರ ಫೋನಿನಲ್ಲಿ ಅವರೂರ ಭಜನೆಯ ಎರಡು ಗಂಟೆಯ ರೆಕಾರ್ಡಿಂಗ್ ಇದೆ. ದಿನಾ ಅದರಲ್ಲಿ ಒಂದು ಹಾಡು ಕೇಳಿಯೇ ಎಲ್ಲರೂ ಮೇಲೆ ಹತ್ತುವುದು. ಬೇಕಾದ ಹಾಡು ಸಿಗುವುದಿಲ್ಲ ಎಂದರು. ನಿನ್ನೆ ಅದನ್ನು ಕತ್ತರಿಸಿ, ಹದಿನಾಲ್ಕು ಹಾಡು ಮಾಡಿ, ಒಂದೊಂದಕ್ಕೂ ಹೆಸರಿಟ್ಟು ಕೊಟ್ಟೆ. ನಂಬರ್ ಹಾಕಲಿಲ್ಲ. ಫೋನು ಅಕ್ಷರಮಾಲೆಯ ಪ್ರಕಾರ ಜೋಡಿಸಿಕೊಂಡಿತು. ಬೆಳಿಗ್ಗೆ ಮೊದಲು ಬಂದದ್ದು ‘ಆರತಿ’. ಭಜನೆ ಮುಗಿಸಿ ಏಳುವಾಗ ಹಾಡುವ ಹಾಡು!

ಶರಣಪ್ಪನವರ ಮುಖ ಬಿಳಿಚಿಕೊಂಡಿತು. “ಮಂಗಳ ಆಗಿಹೋತಲ್ರೀ ಸರ್. ಇನ್ನ ಮ್ಯಾಲ ಹ್ಯಾಂಗ ಏರೂದ್ರೀ?”

ಹಿಂದಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟರು.

“ಎರಡೇ ನಿಮಿಷ, ಹೆಸರು ಬದಲಾಯಿಸ್ತೀನಿ,” ಎಂದೆ.

“ಕಿವಿಗಿ ಬಿದ್ದದ್ದು ಹ್ಯಾಂಗ ಬದಲಾಯಿಸ್ತೀರಿ?”

ಹದಿನೆಂಟನೇ ಮಹಡಿಯ ಕೆಲಸ. ಒಬ್ಬರೂ ಲಿಫ್ಟ್ ಹತ್ತಲಿಲ್ಲ. ಮ್ಯಾನೇಜರ್ ನನ್ನನ್ನೇ ತೆಲುಗಿನಲ್ಲಿ ಗದರಿದರು, ಮೊದಲು ನೀನೇ ಹತ್ತಿ ತೋರಿಸು ಎಂದು.

ನಾನು ಇಂಜಿನಿಯರ್. ಇಂಥದ್ದನ್ನೆಲ್ಲ ನಂಬುವವನಲ್ಲ. ಲಿಫ್ಟಿನ ಬಾಗಿಲು ತೆರೆದೇ ಇದೆ. ನಾನು ಹೊರಗೆ ನಿಂತು ಈ ಪೋಸ್ಟ್ ಬರೆಯುತ್ತಿದ್ದೇನೆ.